ಯಾರ ಹಲ್ಲಿಗೂ ಸೇರದ ಬ್ರಷ್

ನಮ್ಮ ಮನೆಯ ಬಚ್ಚಲಿನ ಕಿಟಕಿಯಲ್ಲಿ, ಮನೆಯವರ ಹಲ್ಲುಜ್ಜುವ ಬ್ರಷ್‌ಗಳಿಂದ ಒಂದು ಗೇಣು ದೂರದಲ್ಲಿ, ಇನ್ನೊಂದು ಬ್ರಷ್ ಒಂಟಿಯಾಗಿ ಇರುತ್ತದೆ. ಅದರ ಬಣ್ಣ ಹಸಿರು ಎಂದು ನಾನು ನೆನಪಿನಿಂದ ಹೇಳಬಲ್ಲೆ, ನೋಡಿ ಹೇಳಲಾರೆ. ಕೂದಲೆಲ್ಲ ಎಡಕ್ಕೆ ವಾಲಿದೆ. ಅದು ಯಾರ ಹಲ್ಲಿಗೂ ಸೇರಿದ್ದಲ್ಲ. ಅದು ಚಿನ್ನ ತೊಳೆಯುವ ಬ್ರಷ್. ನನ್ನ ಅತ್ತೆ ರಾಜೀವಿ ಅದರ ಯಜಮಾನಿ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳದೆ ಇದ್ದದ್ದರಿಂದ ಒಮ್ಮೆ ಅನಾಹುತವಾಗಿದೆ. ಮುಂಬೈಯಿಂದ ಬಂದಿದ್ದ ನೆಂಟರ ಅಳಿಯನೊಬ್ಬರು ತಮ್ಮ ಬ್ರಷ್ಷನ್ನು ರೈಲಿನಲ್ಲೇ ಮರೆತಿದ್ದರು. ಬೆಳಿಗ್ಗೆ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದು, "ಹಳೆಯ ಬ್ರಷ್ ಆದರೂ ಮೆತ್ತಗೆ ಒಳ್ಳೆಯದುಂಟು" ಎಂದು ಸರ್ಟಿಫಿಕೇಟ್ ಕೊಟ್ಟರು. ದೋಸೆ ಮಗುಚುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. ದೋಸೆ ಕರಟಿತು. ಅಳಿಯದೇವರಿಗೆ ಹೇಳುವುದಾದರೂ ಏನು? ಹಿಂದಿನ ವಾರವಷ್ಟೇ ಆ ಬ್ರಷ್ ಅರ್ಧ ಊರಿನ ಬಳೆಗಳ ಕೊಳೆ ತೆಗೆದಿತ್ತು. ಅತ್ತೆ ಅವರ ತಟ್ಟೆಗೆ ಇನ್ನೊಂದು ಸೌಟು ಚಟ್ನಿ ಹಾಕಿದರು. ಅವರು ಹೊರಟುಹೋದ ಮೇಲೆ ಹೊಸ ಬ್ರಷ್ ತರಿಸಿದರು. "ಮದುಮಗಳ ಸರಕ್ಕೆ ಯಾರದ್ದೋ ಅಳಿಯನ ಹಲ್ಲು ಮುಟ್ಟಿದ್ದು ಬೇಡ" ಎಂದರು. ಈಗ ಕಿಟಕಿಯಲ್ಲಿರುವುದು ಹಾಗೆ ಬಂದದ್ದು.

ನಾನು ಸೀತಾಂಗೋಳಿ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ನಮ್ಮ ಕಡೆಯ ಮದುಮಗಳಂದಿರು ಮದುವೆಗೆ ಮೊದಲು ನಮ್ಮ ಮನೆಯ ಇಬ್ಬರು ಹೆಂಗಸರ ಎದುರು ಬಂದೇ ಬರಬೇಕಿತ್ತು. ರವಿಕೆಗೆ ನನ್ನ ಎದುರು, ಚಿನ್ನಕ್ಕೆ ಅತ್ತೆಯ ಎದುರು. ನನ್ನ ಕೆಲಸಕ್ಕೆ ಮಜೂರಿಯೂ ಇತ್ತು, ಬೈಗಳೂ ಇತ್ತು. ಅತ್ತೆಗೆ ಎರಡೂ ಇರಲಿಲ್ಲ. ಮಜೂರಿ ಅವರು ತೆಗೆದುಕೊಳ್ಳುವುದಿಲ್ಲ. ಬೈಗಳು ಯಾಕಿಲ್ಲವೆಂದರೆ, ಅವರ ಕೈಯಲ್ಲಿ ಕೆಲಸ ಕೆಟ್ಟದ್ದನ್ನು ಯಾರೂ ನೋಡಿಲ್ಲ. ನನ್ನ ಕೈಯಲ್ಲಿ ಕೆಟ್ಟ ರವಿಕೆಗಳನ್ನು ಊರೆಲ್ಲ ನೋಡಿದೆ, ಅವು ಫೋಟೋಗಳಲ್ಲೂ ಇವೆ.

ಪೈವಳಿಕೆಯಿಂದ ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನನಗೆ ಈ ವಿಷಯವೇನೂ ಗೊತ್ತಿರಲಿಲ್ಲ. ನನ್ನ ಅಮ್ಮ ಕಳಿಸುವಾಗ ಕಿವಿಯಲ್ಲಿ ಊದಿದ್ದು ಒಂದೇ ಮಾತು: ನಿನ್ನ ಚಿನ್ನ ನಿನ್ನ ಕಪಾಟಿನಲ್ಲಿರಲಿ, ಕೀ ನಿನ್ನ ಸೊಂಟದಲ್ಲಿರಲಿ. ಮದುವೆಯ ಗಲಾಟೆ ಮುಗಿದು ನೆಂಟರು ಖಾಲಿಯಾದ ಕೂಡಲೇ ಅತ್ತೆ ಬಂದು, "ನಾಳೆ ಬೆಳಿಗ್ಗೆ ನಿನ್ನ ಚಿನ್ನ ಎಲ್ಲ ತೆಗೆದುಕೊಂಡು ಬಾ" ಎಂದರು. ರಾತ್ರಿಯಿಡೀ ಅಮ್ಮನ ದೂರದೃಷ್ಟಿಯನ್ನು ಮೆಚ್ಚಿಕೊಂಡೆ. ಬೆಳಿಗ್ಗೆ ಒಂದೊಂದೇ ತಂದು ಕೊಟ್ಟೆ, ಒಂದು ಉಂಗುರವನ್ನು ಮಾತ್ರ ದಿಂಬಿನ ಕೆಳಗೆ ಬಿಟ್ಟು. ಕೊಟ್ಟು ಮುಖ ಸಣ್ಣ ಮಾಡಿಕೊಂಡು ಒಳಗೆ ಹೊರಟಾಗ ಅತ್ತೆ ಕರೆದರು.

"ಎಲ್ಲಿಗೆ ಹೋಗುವುದು? ಕೂತುಕೋ. ಚಿನ್ನದವರು ಪಕ್ಕದಲ್ಲಿ ಕೂರಬೇಕು."

ಹಿತ್ತಿಲಿನ ಜಗಲಿಯಲ್ಲಿ ಎರಡು ಮಣೆ ಹಾಕಿತ್ತು. ಒಂದು ಅವರಿಗೆ, ಒಂದು ಚಿನ್ನದ ಒಡತಿಗೆ. ಇದು ಅತ್ತೆಯ ಕಾಯಿದೆ. ಕೊಟ್ಟುಹೋಗುತ್ತೇನೆ, ಮಧ್ಯಾಹ್ನ ಬರುತ್ತೇನೆ ಎಂದರೆ ನಡೆಯುವುದಿಲ್ಲ. ತೊಳೆದು ಮುಗಿಯುವವರೆಗೆ ಪಕ್ಕದಲ್ಲಿ ಕೂರಬೇಕು, ತನ್ನ ಚಿನ್ನವನ್ನು ತಾನೇ ನೋಡುತ್ತಿರಬೇಕು. ನನ್ನ ಎಲ್ಲ ಆಭರಣ ಲಕಲಕ ಹೊಳೆಯುವುದನ್ನು ನೋಡಿದ ಮೇಲೆ ನಾನು ಮೆಲ್ಲಗೆ ಎದ್ದುಹೋಗಿ ದಿಂಬಿನ ಕೆಳಗಿನ ಉಂಗುರವನ್ನೂ ತಂದೆ. "ಇದು ಈಗ ಸಿಕ್ಕಿತಾ?" ಎಂದು ಅತ್ತೆ ಕೇಳಿದರು. ಸಿಕ್ಕಿತು ಎಂದೆ. ಆ ಉಂಗುರವನ್ನು ಅವರು ಎಲ್ಲದಕ್ಕಿಂತ ಹೆಚ್ಚು ಹೊತ್ತು ಉಜ್ಜಿದರು.

ಅವರು ಬಳಸುವ ಸಾಮಾನು ನೋಡಿದರೆ ನಿಮಗೆ ನಗು ಬಂದೀತು. ಅಂಟುವಾಳಕಾಯಿ, ಚಿಟಿಕೆ ಅರಿಶಿನ, ಅಕ್ಕಿಯ ತೌಡು, ಒರೆಸಲು ಹಳೆಯ ಒಂದು ಬೈರಾಸು, ಅಗಲ ಬಾಯಿಯ ಕಂಚಿನ ಉರುಳಿ, ಮತ್ತೆ ಆ ಬ್ರಷ್. ಅಂಟುವಾಳವನ್ನು ಹಿಂದಿನ ದಿನವೇ ನೀರಿಗೆ ಹಾಕಬೇಕು. ಒಂದು ರಾತ್ರಿ ನೆನೆಯದಿದ್ದರೆ ಅದು ನೊರೆ ಬಿಡುವುದಿಲ್ಲ. ಹಾಗಾಗಿ ಚಿನ್ನ ತೊಳೆಸುವವರು ಒಂದು ದಿನ ಮುಂಚೆ ಬಂದು ಹೇಳಬೇಕು, ಇದು ಅತ್ತೆಯ ಎರಡನೆಯ ಕಾಯಿದೆ. ಬೆಳಿಗ್ಗೆ ಆ ಸಿಪ್ಪೆಯನ್ನು ಕಿವುಚಿದಾಗ ಬರುವ ನೊರೆಗೆ ಅರಿಶಿನ ಸೇರಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಒಡವೆಯನ್ನು ಸ್ವಲ್ಪ ಹೊತ್ತು ಮಲಗಿಸಿ, ಆಮೇಲೆ ಬ್ರಷ್ ಮುಟ್ಟಿಸುವುದು. ಉಜ್ಜುತ್ತಾರೆ ಎನ್ನುವುದಕ್ಕಿಂತ ಸವರುತ್ತಾರೆ ಎನ್ನಬೇಕು. ಆಮೇಲೆ ಒಳ್ಳೆಯ ನೀರು. ಆಮೇಲೆ ತೌಡಿನಲ್ಲಿ ಹೊರಳಿಸುವುದು. ಬಟ್ಟೆ ಹೋಗದ ಸಂದಿಯ ಪಸೆಯನ್ನೂ ತೌಡು ಕುಡಿದುಬಿಡುತ್ತದೆ.

ಕೊನೆಯದ್ದು ಕೊಂಡಿ ನೋಡುವುದು. ಒಣಗಿದ ಸರವನ್ನು ಅತ್ತೆ ಒಡತಿಯ ಕುತ್ತಿಗೆಗೆ ತಾವೇ ಹಾಕಿ, ಹಿಂದಿನಿಂದ ಕೊಂಡಿ ಸಿಕ್ಕಿಸಿ, ಮೆಲ್ಲಗೆ ಜಗ್ಗಿ ನೋಡುತ್ತಾರೆ. ಆಮೇಲೆ "ಗಟ್ಟಿ ಉಂಟು" ಎನ್ನುತ್ತಾರೆ. ಆ ಮಾತು ಬೀಳುವವರೆಗೆ ಯಾರೂ ಮಣೆಯಿಂದ ಏಳುವ ಹಾಗಿಲ್ಲ. ನಮ್ಮ ಆಸುಪಾಸಿನ ಮದುಮಗಳಂದಿರೆಲ್ಲ ಅತ್ತೆಯ ಬಾಯಿಯಿಂದ ಈ ಮಾತು ಕೇಳಿಸಿಕೊಂಡೇ ಮಂಟಪಕ್ಕೆ ಹೋದವರು. ಪುರೋಹಿತರ ಮಂತ್ರ ಮರುದಿನದ್ದು.

ತೊಳೆದ ನೀರನ್ನು ಕೂಡಲೇ ಚೆಲ್ಲುವುದಿಲ್ಲ. ಬಟ್ಟೆಯಲ್ಲಿ ಸೋಸಿ, ಸಂಜೆಯವರೆಗೆ ಇಟ್ಟು, ಆಮೇಲೆ ದಾಸವಾಳದ ಬುಡಕ್ಕೆ ಹಾಕುತ್ತಾರೆ. ಒಡವೆಯಿಂದ ಹರಳೋ ಕೊಂಡಿಯ ತುಣುಕೋ ಬಿದ್ದಿದ್ದರೆ ಮನೆಗೆ ಹೋದವರಿಗೆ ಅಷ್ಟರೊಳಗೆ ನೆನಪಾಗುತ್ತದೆ ಎಂಬುದು ಅವರ ಲೆಕ್ಕ. ನಮ್ಮ ಗೇಟಿನಿಂದಾಚೆ ಜವಳಿ ವ್ಯಾಪಾರದ ಮನೆಯ ಆಯಿಶಮ್ಮ ಇದ್ದಾರೆ, ಅತ್ತೆಯ ಹಳೆಯ ಜೊತೆಗಾರ್ತಿ. ಅವರ ಓಲೆಯ ಕೆಂಪು ಹರಳು ಒಮ್ಮೆ ಹಾಗೆ ಸೋಸಿದ ಬಟ್ಟೆಯಲ್ಲಿ ಸಿಕ್ಕಿತ್ತು. ಅತ್ತೆ ಅದನ್ನು ಎಲೆಯಲ್ಲಿ ಕಟ್ಟಿ ಕೊಂಡುಹೋಗಿ ಕೊಟ್ಟರೆ, ಆಯಿಶಮ್ಮ ಹರಳು ಬಿದ್ದದ್ದನ್ನೇ ಗಮನಿಸಿರಲಿಲ್ಲ. ಕನ್ನಡಿ ತಂದು ನೋಡಿಕೊಂಡು, ಈಗ ಹೆದರಬೇಕೋ ಖುಷಿಪಡಬೇಕೋ ಎಂದು ಕೇಳಿದರಂತೆ.

ನಾನು ಮೆಚ್ಚಿ ಮರುಳಾದದ್ದು ಹೊಳಪಿಗಲ್ಲ, ಕೊಳೆಗೆ. ಅತ್ತೆ ಕೊಳೆಯನ್ನು ಓದುತ್ತಾರೆ. ಶಾಲೆಯ ಟೀಚರಮ್ಮನ ಬಳೆಯ ಸಂದಿಯಲ್ಲಿ ಸೀಮೆಸುಣ್ಣದ ಬಿಳಿ ಪುಡಿ, ಬೀಡಿ ಕಟ್ಟುವವರ ಉಂಗುರದಲ್ಲಿ ಹೊಗೆಸೊಪ್ಪಿನ ಕಂದು, ಮೀನಿನ ಮನೆಯವರ ಬಳೆಯಲ್ಲಿ ಹೊಳೆಯುವ ಒಂದು ಪೊರೆ. ನನ್ನ ಸರ ನೋಡಿ, "ನಿನಗೆ ಪೌಡರ್ ಸ್ವಲ್ಪ ಜಾಸ್ತಿ" ಎಂದಿದ್ದರು. ಇನ್ನೊಮ್ಮೆ ನನ್ನ ಉಂಗುರ ಎತ್ತಿಹಿಡಿದು, "ಮಧೂರು ದೇವಸ್ಥಾನಕ್ಕೆ ಹೋಗಿದ್ದಾ ನೀನು? ಅಪ್ಪ ಪ್ರಸಾದದ ಬೆಲ್ಲ ಇಲ್ಲಿ ಉಂಟು. ಮನೆಗೆ ತರದೆ ದಾರಿಯಲ್ಲೇ ತಿಂದದ್ದಲ್ಲವಾ?" ಎಂದು ಕೇಳಿದರು. ಪೊಲೀಸರಿಗೆ ಇಂಥ ಒಬ್ಬರು ಸಿಕ್ಕಿದರೆ ಸಾಕಿತ್ತು. ಆದರೆ ಅತ್ತೆ ಓದಿದ್ದನ್ನು ಹೊರಗೆ ಹೇಳುವವರಲ್ಲ. ಎಷ್ಟು ಮನೆಗಳ ಕೊಳೆ ಕಂಡಿದ್ದಾರೋ, ಎಲ್ಲವೂ ದಾಸವಾಳದ ಬುಡಕ್ಕೆ ಹೋಗಿದೆ.

ಸುಧಾರಣೆ ತರಲು ನಾನೂ ಪ್ರಯತ್ನಪಟ್ಟೆ ಎನ್ನಿ. ಬಟ್ಟೆ ಒಗೆಯುವ ಪುಡಿ ಹಾಕಿದರೆ ನೊರೆ ಬೇಗ ಬರುತ್ತದಲ್ಲ ಅತ್ತೆ ಎಂದರೆ, "ಚಿನ್ನ ಎಂತ ಪ್ಯಾಂಟಾ?" ಎಂದು ಕೇಳಿದರು. ಬಿಸಿ ನೀರು ಹಾಕಿದರೆ ಕೆಲಸ ಬೇಗ ಮುಗಿಯುತ್ತದಲ್ಲ ಎಂದಾಗ ಮಾತ್ರ ನಗಲಿಲ್ಲ. ನನ್ನನ್ನು ಕೂರಿಸಿ ಒಂದು ಗುಂಡಿನ ಸರ ಕೈಗೆ ಕೊಟ್ಟರು. ಹಳೆಯ ಕಾಲದ ಸರ, ಕಡಲೆಯಷ್ಟು ದೊಡ್ಡ ಚಿನ್ನದ ಗುಂಡುಗಳನ್ನು ಪೋಣಿಸಿದ್ದು. "ಉಗುರಿನಲ್ಲಿ ಬಡಿದು ನೋಡು" ಎಂದರು. ಬಡಿದೆ. ಟಿಕ್ ಎನ್ನಲಿಲ್ಲ, ಮಂದವಾಗಿ ಏನೋ ಕೇಳಿಸಿತು. "ಇದು ಒಳಗೆ ಪೊಳ್ಳು. ಮೇಲೆ ಕಾಗದದಷ್ಟು ಚಿನ್ನ, ಒಳಗೆ ಅರಗು ತುಂಬಿಸಿದ್ದು. ಬಿಸಿ ತಾಗಿದರೆ ಅರಗು ಕರಗಿ ಹೊರಗೆ ಬರ್ತದೆ, ಗುಂಡು ಚಪ್ಪಟೆ ಆಗ್ತದೆ. ಇದಕ್ಕೆ ಮಗು ಮೀಯಿಸುವ ನೀರಿನಷ್ಟು ಬಿಸಿಯೂ ಬೇಡ." ಆ ಸರ ಎದುರು ಮನೆಯ ವನಜಕ್ಕನದು, ಅವರಿಗೆ ಅವರ ಅಮ್ಮನಿಂದ ಬಂದದ್ದು. ವರ್ಷಕ್ಕೊಮ್ಮೆ ಅತ್ತೆಯ ಉರುಳಿಗೆ ಬಂದು ಹೋಗುತ್ತಿತ್ತು.

ನನ್ನ ಮಾವನ ವಿಷಯ ಹೇಳದಿದ್ದರೆ ಈ ಕಥೆ ಮುಂದೆ ಹೋಗುವುದಿಲ್ಲ. ಮಾವ ಬಹಳ ವರ್ಷ ಗಲ್ಫಿನಲ್ಲಿ ಗಾಡಿ ಓಡಿಸುತ್ತಿದ್ದವರು. ಅವರು ರಜೆಯಲ್ಲಿ ಬರುವ ಮುನ್ನಾದಿನ ಅತ್ತೆ ತಮ್ಮ ಕರಿಮಣಿ ತೊಳೆಯುತ್ತಿದ್ದರು. ಕುತ್ತಿಗೆ ಖಾಲಿ ಬಿಡಬಾರದೆಂದು ಮೊದಲು ಅರಿಶಿನ ಹಚ್ಚಿದ ದಾರ ಕಟ್ಟಿಕೊಂಡು, ಆಮೇಲೆ ಕರಿಮಣಿ ತೆಗೆದು ಉರುಳಿಗೆ ಹಾಕುವುದು. ಮರುದಿನ ಮಾವ ಪೆಟ್ಟಿಗೆ ಇಳಿಸುವ ಮೊದಲೇ ಕೇಳುವುದು: "ಎಂತ, ಹೊಸ ಕರಿಮಣಿಯಾ?" ಅತ್ತೆ ಹೇಳುವುದು: "ಹೌದು, ಎದುರು ಮನೆಯವರು ಕೊಟ್ಟದ್ದು." ಪ್ರತಿ ರಜೆಯಲ್ಲೂ ಇದೇ ಪ್ರಶ್ನೆ, ಇದೇ ಉತ್ತರ, ಇದೇ ನಗು. ಗಲ್ಫ್ ಬಿಟ್ಟು ಬಂದ ಮೇಲೆ ಮಾವ ಅದೇ ಜಗಲಿಯ ತುದಿಯಲ್ಲಿ ಪೇಪರ್ ಹಿಡಿದು ಕೂತು, ಬಂದ ಮದುಮಗಳಂದಿರಿಗೆ, "ಜಾಗ್ರತೆ ಮಗಾ, ಇವಳು ಅರ್ಧ ಕರಗಿಸಿ ಇಟ್ಟುಕೊಳ್ತಾಳೆ" ಎಂದು ಹೆದರಿಸುತ್ತಿದ್ದರು.

ಮಾವ ಹೋದ ವರ್ಷ ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದು ಮನೆ ಸುಮ್ಮನಾದ ಒಂದು ಬೆಳಿಗ್ಗೆ ಅತ್ತೆ ಜಗಲಿಯಲ್ಲಿ ಎರಡು ಮಣೆ ಹಾಕಿ ನನ್ನನ್ನು ಕರೆದರು. ಉರುಳಿಯಲ್ಲಿ ಅವರ ಕರಿಮಣಿ ಇತ್ತು. ಎಂದಿನ ಹಾಗೆಯೇ ತೊಳೆದರು. ತೌಡಿನಲ್ಲಿ ಹೊರಳಿಸಿದರು. ಬೈರಾಸಿನಲ್ಲಿ ಒರೆಸಿದರು. ಒರೆಸಿ, ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. ಕೊಂಡಿ ನೋಡಲಿಲ್ಲ. ಡಬ್ಬಿಯೊಳಗೆ ಇಟ್ಟು ಎದ್ದರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

ಆಮೇಲೆ ಮದುವೆಗಳ ತಿಂಗಳು ಬಂತು. ನನ್ನ ಅಂಗಡಿಯಲ್ಲಿ ರವಿಕೆಗಳ ರಾಶಿ ಬಿತ್ತು. ಜಗಲಿಯಲ್ಲಿ ಮಾತ್ರ ಎರಡನೆಯ ಮಣೆ ಗೋಡೆಗೆ ಒರಗಿಯೇ ಇತ್ತು. ಯಾರೂ ನೇರವಾಗಿ ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಮಾಡಬಹುದಿತ್ತು. "ಪಾಪ, ಈ ಸಲ ರಾಜೀವಕ್ಕನಿಗೆ ತೊಂದರೆ ಕೊಡುವುದು ಬೇಡ ಅಂತ" ಎಂದು ನನ್ನ ಅಳತೆ ಟೇಪಿನ ಎದುರು ನಿಂತು ಹೇಳುತ್ತಿದ್ದರು, ಕರುಣೆಯಿಂದಲೇ. ಗಂಡ ಹೋದವಳ ಕೈಯಿಂದ ಮದುಮಗಳ ಚಿನ್ನ ತೊಳೆಸಬಾರದು, ಅವಳ ಕೈಯಿಂದ ಕುತ್ತಿಗೆಗೆ ಸರ ಹಾಕಿಸಬಾರದು ಎಂಬ ಮಾತನ್ನು ಕರುಣೆಯ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಮಾವನ ಆಯುಷ್ಯಕ್ಕೂ ಅತ್ತೆಯ ಬೆರಳಿಗೂ ಏನು ಸಂಬಂಧ? ಆದರೆ ಟೇಪು ಕೈಯಲ್ಲಿರುವಾಗ ಗಿರಾಕಿಯ ಹತ್ತಿರ ಇದನ್ನೆಲ್ಲ ಕೇಳುವ ಧೈರ್ಯ ನನಗಿಲ್ಲ. ಸಿಟ್ಟನ್ನೆಲ್ಲ ಹೊಲಿಗೆ ಯಂತ್ರದ ಮೇಲೆ ತೀರಿಸಿದೆ, ಸೂಜಿಗಳು ಮುರಿದವು.

ಬಂದವರು ಆಯಿಶಮ್ಮ ಒಬ್ಬರೇ. ಕೈತುಂಬ ಬಳೆ ತೆಗೆದುಕೊಂಡು ಬಂದು, ಗೋಡೆಗೆ ಒರಗಿದ್ದ ಮಣೆಯನ್ನು ತಾವೇ ಎಳೆದು ಹಾಕಿಕೊಂಡು ಕೂತರು. ಅತ್ತೆ ಒಂದು ಬಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಆಯಿಶ, ಇದು ನಿಮ್ಮ ಪೆರ್ನಾಳ್ ಹಬ್ಬಕ್ಕೆ ನಾನೇ ತೊಳೆದದ್ದಲ್ಲವಾ? ಇದರಲ್ಲಿ ಕೊಳೆ ಎಲ್ಲಿ ಉಂಟು?"

"ಹುಡುಕಿ ನೋಡಿ ರಾಜೀವಕ್ಕ, ಸಿಗ್ತದೆ" ಎಂದರು ಆಯಿಶಮ್ಮ. "ಸಿಗದಿದ್ದರೆ ನಾಡಿದ್ದು ಮಾಡಿಕೊಂಡು ಬರ್ತೇನೆ."

ಆ ದಿನ ಇಬ್ಬರೂ ಮಧ್ಯಾಹ್ನದವರೆಗೆ ಶುದ್ಧವಾದ ಬಳೆಗಳನ್ನು ಶುದ್ಧ ಮಾಡಿದರು.

ನನ್ನ ರೇಷ್ಮೆ ಸೀರೆಗಳಿಗೆ ಮಾತ್ರ ಆ ತಿಂಗಳುಗಳಲ್ಲಿ ಯೋಗ ಒದಗಿತ್ತು. ಅಂಗಡಿಯಿಂದ ಬರುವಾಗ ಹಿತ್ತಿಲಿನಲ್ಲಿ ನನ್ನದೊಂದು ಸೀರೆ ಅಂಟುವಾಳದ ನೊರೆಯಲ್ಲಿ ಮಿಂದು ನೆರಳಿನಲ್ಲಿ ಒಣಗುತ್ತಿರುತ್ತಿತ್ತು. ಸೀರೆ ಮುಗಿದ ಮೇಲೆ ದೇವರ ಕೋಣೆಯ ದೀಪಗಳು, ದೀಪ ಮುಗಿದ ಮೇಲೆ ಮಾವನ ಹಳೆಯ ಉಣ್ಣೆಯ ಶಾಲು. ಪಾಪ, ಹೊತ್ತು ಹೋಗದೆ ಏನಾದರೊಂದು ತೊಳೆಯುತ್ತಾರೆ ಎಂದುಕೊಂಡೆ. ಯಾವ ಯಾವ ದಿನ ತೊಳೆಯುತ್ತಾರೆ ಎಂದು ನೋಡುವ ಬುದ್ಧಿ ನನಗೆ ಹೊಳೆಯಲಿಲ್ಲ.

ಹೀಗಿರುವಾಗ ವನಜಕ್ಕನ ಮಗಳು ಶ್ರುತಿಯ ಮದುವೆ ನಿಶ್ಚಯವಾಯಿತು. ಶ್ರುತಿ ನಮ್ಮ ಅಂಗಳದಲ್ಲೇ ಆಡಿ ಬೆಳೆದವಳು. ಅತ್ತೆ ನೆನೆಸಿದ ಅಂಟುವಾಳದ ಕರಿ ಬೀಜಗಳನ್ನೆಲ್ಲ ಗೋಲಿ ಆಡಲು ಕೊಂಡುಹೋದವಳು ಅವಳು. ವನಜಕ್ಕ ಮದುವೆಯ ಕಾಗದ ಕೊಡಲು ಬಂದಾಗ ಅತ್ತೆಯ ಕೈ ಹಿಡಿದುಕೊಂಡು, "ರಾಜೀವಕ್ಕ, ನೀವು ಬಂದು ಕೂತು ಊಟ ಮಾಡಿದರೆ ಸಾಕು. ಈ ಸಲ ಯಾವ ಕೆಲಸವೂ ಬೇಡ" ಎಂದರು. ಅತ್ತೆ ಆಯ್ತು ಎಂದರು. ಗೇಟು ಹಾಕಿದ ಸದ್ದು ಕೇಳಿದ ಕೂಡಲೇ ನಾನು ಸುರು ಮಾಡಿದೆ. ಇಷ್ಟು ವರ್ಷ ಚಿನ್ನ ತೊಳೆಯಲಿಕ್ಕೆ ಬೇಕಿತ್ತು, ಈಗ ಊಟಕ್ಕೆ ಮಾತ್ರವಾ ಎಂದು.

"ಬಿಡು ಶೋಭಾ" ಎಂದರು ಅತ್ತೆ. "ಅವಳಿಗೆ ಇರುವುದು ಒಂದೇ ಮಗಳು. ಹೆದರಿಕೆ ಇರ್ತದೆ."

"ನಿಮಗೆ ಬೇಸರ ಇಲ್ಲವಾ?"

ಅತ್ತೆ ಅಕ್ಕಿ ಆರಿಸುತ್ತಿದ್ದರು. ಗೆರಸೆಯಿಂದ ತಲೆ ಎತ್ತಲಿಲ್ಲ. "ಉಂಟು" ಎಂದರು. "ಬೇಸರ ಇಲ್ಲ ಅಂತ ನಾನು ಯಾವಾಗ ಹೇಳಿದ್ದು?"

ಮದುವೆಯ ಮುನ್ನಾದಿನ ಬೆಳಿಗ್ಗೆ ನಾನು ಮನೆಯಲ್ಲೇ ಕೂತು ಶ್ರುತಿಯ ರವಿಕೆಗೆ ಕೊನೆಯ ಗುಂಡಿ ಹೊಲಿಯುತ್ತಿದ್ದೆ. ಬೆನ್ನಿಗೆ ಕಿಟಕಿಯಷ್ಟು ಅಗಲದ ಕುತ್ತಿಗೆ ಇಡಿಸಿಕೊಂಡಿದ್ದಳು, ನಾನು ಬೇಡವೆಂದರೂ ಕೇಳದೆ. ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಅವಳೇ ಬಂದಳು. ಕೈಯಲ್ಲಿ ಒದ್ದೆ ಟವೆಲ್ಲಿನ ಗಂಟು. ನನ್ನನ್ನು ದಾಟಿ ನೇರ ಅತ್ತೆಯ ಹತ್ತಿರ ಹೋಗಿ ಗಂಟು ಬಿಚ್ಚಿದಳು. ಒಳಗಿದ್ದದ್ದು ಅಜ್ಜಿಯ ಗುಂಡಿನ ಸರ. ಗುಂಡುಗಳ ತೂತಿನಿಂದ ಕೆಂಪು ಅರಗು ಹೊರಗೆ ಬಂದು ಅಲ್ಲಲ್ಲಿ ಅಂಟಿಕೊಂಡಿತ್ತು. ಕೆಲವು ಗುಂಡುಗಳ ಹೊಟ್ಟೆ ಒಳಗೆ ಹೋಗಿತ್ತು. ಸಂದಿಯಲ್ಲೆಲ್ಲ ಟೂತ್‌ಪೇಸ್ಟಿನ ಬಿಳಿ.

"ಅಮ್ಮ ಮೊಬೈಲಿನಲ್ಲಿ ಮಲಯಾಳದ ಯಾವುದೋ ವಿಡಿಯೋ ನೋಡಿದ್ದು, ದೊಡ್ಡಮ್ಮ" ಎಂದಳು ಶ್ರುತಿ. "ಕುದಿಯುವ ನೀರಿಗೆ ಸೋಡಾ ಹಾಕಿ ಮುಳುಗಿಸಬೇಕಂತೆ, ಆಮೇಲೆ ಪೇಸ್ಟಿನಲ್ಲಿ ಉಜ್ಜಬೇಕಂತೆ. ಬೇರೆ ಎಲ್ಲ ಸರಿ ಆಯ್ತು. ಇದು ಮಾತ್ರ..." ಅತ್ತೆಯ ಸೆರಗು ಹಿಡಿದುಕೊಂಡಳು. "ನಾಳೆ ಇದನ್ನೇ ಹಾಕುವುದು ಅಂತ ಅಮ್ಮನ ಹರಕೆಯ ಹಾಗೆ ಇತ್ತು. ಅವರು ಒಳಗೆ ಕೂತು ಅಳ್ತಾ ಇದ್ದಾರೆ."

ತಪ್ಪು ವಿಡಿಯೋದ್ದಲ್ಲ. ಅದರಲ್ಲಿ ತೋರಿಸಿದವರು ಅಂಗಡಿಯ ಗಟ್ಟಿ ಚಿನ್ನದ ಚೈನು ತೊಳೆದಿರಬೇಕು. ನಮ್ಮ ಅಜ್ಜಿಯಂದಿರ ಗುಂಡಿನ ಹೊಟ್ಟೆಯಲ್ಲಿ ಏನಿದೆ ಎಂದು ಅವರಿಗೇನು ಗೊತ್ತು? ಈ ಬೀದಿಯಲ್ಲಿ ಅದು ಗೊತ್ತಿದ್ದವರು ಒಬ್ಬರೇ. ಅವರನ್ನು ಊಟಕ್ಕೆ ಮಾತ್ರ ಕರೆದಾಗಿತ್ತು.

ಅತ್ತೆ ಸರವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು. "ಮೊದಲು ಬಾವಿಯ ತಣ್ಣೀರು ತಾ ಶೋಭಾ. ಶ್ರುತಿ, ನೀನು ಅಮ್ಮನನ್ನು ಕರೆದುಕೊಂಡು ಬಾ."

"ನಾನೇ ಇದ್ದೇನಲ್ಲ ದೊಡ್ಡಮ್ಮ."

"ಇದು ಅವಳ ಅಮ್ಮನ ಸರ. ಚಿನ್ನದವರು ಪಕ್ಕದಲ್ಲಿ ಕೂರಬೇಕು."

ವನಜಕ್ಕ ಬಂದರು. ಅಂಗಳದ ತುದಿಯಲ್ಲೇ ನಿಂತರು, ಕಣ್ಣು ಊದಿತ್ತು. ಅತ್ತೆ ತಣ್ಣೀರಿನಲ್ಲಿ ಸರ ಮುಳುಗಿಸಿ ಕೂತಿದ್ದರು. ಎರಡನೆಯ ಮಣೆಯನ್ನು ಮುಂದಕ್ಕೆ ತಳ್ಳಿದರು. "ಕೂತುಕೋ ವನಜ" ಎಂದರು, ನಿನ್ನೆಯೂ ಬಂದು ಕೂತಿದ್ದವರಿಗೆ ಹೇಳುವ ಹಾಗೆ. ವನಜಕ್ಕ ಕೂತರು.

"ಬಿಸಿ ನೀರಿನಲ್ಲಿ ಕೊಳೆ ಬೇಗ ಹೋಗ್ತದೆ ಅಂತ ಹೇಳಿದರು ರಾಜೀವಕ್ಕ."

"ಕೊಳೆ ಹೋಗ್ತದೆ. ಒಳಗೆ ಇದ್ದದ್ದೂ ಹೋಗ್ತದೆ" ಎಂದರು ಅತ್ತೆ. ಬೈದದ್ದಲ್ಲ, ಇದ್ದದ್ದನ್ನು ಹೇಳಿದ್ದು.

ತಣ್ಣೀರಿನಲ್ಲಿ ಅರಗು ಪುನಃ ಗಟ್ಟಿಯಾಯಿತು. ಹೊರಗೆ ಬಂದದ್ದನ್ನು ಅತ್ತೆ ಉಗುರಿನಿಂದ ಒಂದೊಂದೇ ಚೂರು ಮಾಡಿ ಎಬ್ಬಿಸಿದರು. ಎಬ್ಬಿಸಲಾಗದ ಅಂಟಿಗೆ ತೆಂಗಿನೆಣ್ಣೆ ಹಚ್ಚಿ, ಬೈರಾಸಿನ ಮೂಲೆಯಿಂದ ತೀಡಿದರು. ಅವರ ಕೈಗೆ ವಯಸ್ಸಾಗಿದೆ, ಗೆಣ್ಣುಗಳು ದಪ್ಪವಾಗಿವೆ, ಆದರೆ ಆ ಕೈ ಎಲ್ಲಿ ಒತ್ತಬೇಕು ಎಲ್ಲಿ ಬಿಡಬೇಕು ಎಂದು ಹುಡುಕುವುದಿಲ್ಲ. ಹತ್ತಾರು ವರ್ಷ ಕತ್ತರಿ ಹಿಡಿದ ನನಗೆ ಹಾಗೊಂದು ಕೈ ಇನ್ನೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ನಾನು ಗುಂಡಿ ಹೊಲಿಯುವುದನ್ನು ಬಿಟ್ಟು ನೋಡುತ್ತ ನಿಂತೆ.

"ಇನ್ನು ಅಂಟುವಾಳ" ಎಂದರು ಅತ್ತೆ.

"ಅಂಟುವಾಳ ಎಲ್ಲಿಂದ ಅತ್ತೆ? ಮೊದಲೇ ಯಾರೂ ಹೇಳಿರಲಿಲ್ಲವಲ್ಲ" ಎಂದೆ. ಸಿಕ್ಕಿದ ಅವಕಾಶ ಬಿಡಲಿಲ್ಲ, ಸ್ವಲ್ಪ ಕೊಂಕಾಗಿಯೇ ಹೇಳಿದೆ. "ಶಾಂಪೂ ತರಲಾ?"

"ಒಲೆಯ ಹಿಂದೆ ಬೋಗುಣಿ ಉಂಟು ನೋಡು."

ಹೋಗಿ ನೋಡಿದೆ. ತಟ್ಟೆ ಮುಚ್ಚಿದ ಬೋಗುಣಿ. ಒಳಗೆ ಅಂಟುವಾಳದ ಸಿಪ್ಪೆಗಳು ನೀರು ಕುಡಿದು ಉಬ್ಬಿ ಮೆತ್ತಗಾಗಿದ್ದವು. ರಾತ್ರಿಯಿಡೀ ನೆನೆದಿದ್ದವು. ನಾನು ಆ ತಟ್ಟೆ ಹಿಡಿದುಕೊಂಡು ಒಲೆಯ ಹತ್ತಿರವೇ ನಿಂತುಬಿಟ್ಟೆ. ನನ್ನ ಸೀರೆಗಳು, ದೇವರ ದೀಪಗಳು, ಮಾವನ ಶಾಲು, ಎಲ್ಲವೂ ಸಾಲಾಗಿ ನೆನಪಿಗೆ ಬಂದವು. ಆಸುಪಾಸಿನಲ್ಲಿ ಮದುವೆ ಇದ್ದಾಗಲೆಲ್ಲ ಅತ್ತೆ ಎರಡು ದಿನ ಮುಂಚೆಯೇ ಅಂಟುವಾಳ ನೀರಿಗೆ ಹಾಕಿದ್ದಾರೆ. ಯಾರಾದರೂ ಬಂದಾರು ಎಂದು ಕಾದಿದ್ದಾರೆ. ಯಾರೂ ಬರದಿದ್ದಾಗ ನೆನೆಸಿದ್ದು ಹಾಳಾಗಬಾರದೆಂದು ನನ್ನ ಸೀರೆ ತೊಳೆದಿದ್ದಾರೆ. ನಾನು ಆ ಸೀರೆಗಳನ್ನು ಉಟ್ಟುಕೊಂಡು ಅದೇ ಮದುವೆಗಳಿಗೆ ಹೋಗಿ ಉಂಡು ಬಂದಿದ್ದೇನೆ.

ಬೋಗುಣಿ ತಂದಿಟ್ಟೆ. ನನ್ನ ಮುಖದಲ್ಲಿ ಏನಿತ್ತೋ, ಅತ್ತೆ ಒಮ್ಮೆ ನೋಡಿ ಕಣ್ಣು ತಿರುಗಿಸಿದರು. ಕಿವುಚಿದರು, ನೊರೆ ಎದ್ದಿತು. ವನಜಕ್ಕ ಆ ನೊರೆಯನ್ನೇ ನೋಡುತ್ತಿದ್ದರು. ಈ ಜಗಲಿಯಲ್ಲಿ ಎಷ್ಟೋ ವರ್ಷ ಕೂತವರು ಅವರು, ಅಂಟುವಾಳಕ್ಕೆ ಒಂದು ರಾತ್ರಿ ಬೇಕೆಂದು ಅವರಿಗೂ ಗೊತ್ತು.

"ನಾನು ಹೇಳಿರಲಿಲ್ಲವಲ್ಲ ರಾಜೀವಕ್ಕ" ಎಂದರು ಮೆಲ್ಲಗೆ. "ಇದು ಯಾವಾಗ ನೆನೆಸಿದ್ದು?"

"ನಿನ್ನೆ. ಎದುರು ಮನೆಯಲ್ಲಿ ಮದುವೆ ಅಂತ ನನಗೆ ಗೊತ್ತಿಲ್ಲವಾ?"

ವನಜಕ್ಕ ತಲೆ ತಗ್ಗಿಸಿದರು. ಇಂಥದ್ದೊಂದು ಗಳಿಗೆ ಬರಲಿ ಎಂದು ನಾನು ತಿಂಗಳುಗಟ್ಟಲೆ ಕಾದಿದ್ದೆ. ಬಂದಾಗ ನನಗೆ ಸ್ವಲ್ಪವೂ ಖುಷಿಯಾಗಲಿಲ್ಲ. ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಬ್ರಷ್ ಗುಂಡಿನಿಂದ ಗುಂಡಿಗೆ ಹೋಯಿತು. ಪೇಸ್ಟಿನ ಬಿಳಿ ಕರಗಿತು. ತೌಡಿನಿಂದ ಎತ್ತಿದಾಗ ಸರ ಮೊದಲಿನ ಬಣ್ಣಕ್ಕೆ ಬಂದಿತ್ತು, ಹಳೆಯ ಚಿನ್ನದ ಆ ಸ್ವಲ್ಪ ಕೆಂಪು ಬಣ್ಣಕ್ಕೆ. ಚಪ್ಪಟೆಯಾದ ಗುಂಡುಗಳು ಚಪ್ಪಟೆಯೇ ಉಳಿದವು. "ಇದಕ್ಕೆ ಚಿನ್ನದ ಕೆಲಸದ ಆಚಾರಿಯೇ ಆಗಬೇಕು, ಮದುವೆ ಮುಗಿಯಲಿ" ಎಂದರು ಅತ್ತೆ. "ನಾಳೆಗೆ ಇವು ಬೆನ್ನಿನ ಕಡೆ ಬರುವ ಹಾಗೆ ಹಾಕಿದರೆ ಯಾರಿಗೂ ಕಾಣುವುದಿಲ್ಲ." ಬೆನ್ನಿನಲ್ಲಿ ಕಿಟಕಿ ಉಂಟಲ್ಲ ಎಂದು ನಾನು ಶ್ರುತಿಯನ್ನು ನೋಡಿದೆ. "ಮಲ್ಲಿಗೆ ಮುಡಿಯುವುದಿಲ್ಲವಾ?" ಎಂದರು ಅತ್ತೆ. ಶ್ರುತಿಗೆ ಅಳುವಿನ ಮಧ್ಯೆ ನಗು ಬಂತು.

ಇನ್ನು ಉಳಿದದ್ದು ಕೊಂಡಿ. ಶ್ರುತಿ ಚಿಕ್ಕಂದಿನಿಂದ ನೋಡಿದವಳು, ಹೇಳದೆಯೇ ಅತ್ತೆಯ ಮುಂದೆ ಬೆನ್ನು ಮಾಡಿ ಕೂತು ಜಡೆ ಎತ್ತಿ ಹಿಡಿದಳು. ಅತ್ತೆ ಸರವನ್ನು ತಟ್ಟೆಯಲ್ಲಿಟ್ಟು ವನಜಕ್ಕನ ಕಡೆಗೆ ತಳ್ಳಿದರು. ತಮ್ಮ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡರು.

"ಕೊಂಡಿ ನೀನು ನೋಡು" ಎಂದರು.

ವನಜಕ್ಕ ಸರ ಎತ್ತಿಕೊಂಡರು. ಮಗಳ ಕುತ್ತಿಗೆಯ ಸುತ್ತ ತಂದರು. ಕೊಂಡಿಯ ಬಾಯಿಗೆ ಇನ್ನೊಂದು ತುದಿಯ ಸಣ್ಣ ಬಳೆಯನ್ನು ಸಿಕ್ಕಿಸಲು ನೋಡಿದರು, ತಪ್ಪಿಹೋಯಿತು. ಪುನಃ ನೋಡಿದರು. ಆಮೇಲೆ ಸರದ ಎರಡು ತುದಿಗಳನ್ನೂ ತಂದು ಅತ್ತೆಯ ಮಡಿಲಿನ ಕೈಗಳ ಮೇಲೆ ಇಟ್ಟರು.

"ನೀವೇ ಹಾಕಿ ರಾಜೀವಕ್ಕ. ನೀವು ನೋಡದೆ ಇವಳನ್ನು ನಾನು ಮಂಟಪಕ್ಕೆ ಹೇಗೆ ಕಳಿಸುವುದು?"

ಅತ್ತೆಯ ಕೈ ಮುಚ್ಚಲಿಲ್ಲ. "ನಾಳೆ ಯಾರಾದರೂ ಎಂತಾದರೂ ಹೇಳಿದರೆ?"

"ಹೇಳಲಿ" ಎಂದರು ವನಜಕ್ಕ. "ನಾನು ಹೇಳಿದ್ದಕ್ಕಿಂತ ಹೆಚ್ಚು ಎಂತ ಹೇಳ್ತಾರೆ?"

"ದೊಡ್ಡಮ್ಮ, ಬೇಗ" ಎಂದಳು ಶ್ರುತಿ ಬೆನ್ನು ತಿರುಗಿಸಿಕೊಂಡೇ. "ಜಡೆ ಹಿಡಿದು ನನ್ನ ಕೈ ನೋಯ್ತಾ ಉಂಟು."

ಅತ್ತೆ ಕೊಂಡಿ ಹಾಕಿದರು. ಎಂದಿನ ಹಾಗೆ ಮೆಲ್ಲಗೆ ಜಗ್ಗಿದರು. ಪುನಃ ಒಮ್ಮೆ ಜಗ್ಗಿದರು. ನಾವು ಮೂವರೂ ಆ ಮಾತಿಗೆ ಕಾದೆವು. ಅವರ ಬಾಯಿ ತೆರೆಯಿತು, ಮಾತು ಬರಲಿಲ್ಲ. ಮಾವ ಹೋದಾಗ ಬಾರದೆ ಉಳಿದದ್ದು ಈಗ ಒಟ್ಟಿಗೆ ಬಂತು. ಸೆರಗಿನಿಂದ ಮುಖ ಮುಚ್ಚಿಕೊಂಡರು.

ವನಜಕ್ಕ ಮುಂದೆ ಬಂದು ಮಗಳ ಕುತ್ತಿಗೆಯ ಹಿಂದೆ ಕೈ ಇಟ್ಟು, ಕೊಂಡಿಯನ್ನು ತಾವೂ ಒಮ್ಮೆ ಜಗ್ಗಿ ನೋಡಿದರು.

"ಗಟ್ಟಿ ಉಂಟು, ರಾಜೀವಕ್ಕ" ಎಂದರು.